ಒಳಗೋಡೆಗೆ ಸ್ಪ್ರೇ ಮೆಷಿನ್ನಾ, ರೋಲರ್ರಾ? ಮಾಡಿ ನೋಡಿದವರು ಹೇಳಿ

ಕೇಳಿದವನು:
ಮೂರು ಕೋಣೆ, ಒಂದು ಉದ್ದನೆಯ ಪಡಸಾಲೆ. ಎರಡು ಕೋಣೆ ಖಾಲಿ ಇವೆ, ಹೊಸ ಪ್ಲಾಸ್ಟರ್, ಪುಟ್ಟಿ ಹಾಕಿ ಉಜ್ಜಿಯೂ ಆಗಿದೆ. ಮೂರನೇದರಲ್ಲಿ ಅಪ್ಪ ಮಲಗಿರ್ತಾರೆ. ಮಂಚ, ಬೀರು ಆಚೆ ತರೋಕಾಗಲ್ಲ, ಅವರಿಗೆ ಧೂಳು ಆಗಿಬರಲ್ಲ. ಸೀಲಿಂಗ್ ಬಿಳಿ, ಗೋಡೆ ತಿಳಿ ಬೂದು, ಎರಡಕ್ಕೂ ನೀರಿನ ಎಮಲ್ಷನ್. ಮಾಡೋನು ನಾನೊಬ್ಬನೇ. ಏರ್‌ಲೆಸ್ ಮೆಷಿನ್ (ಗಾಳಿ ಬೆರೆಸದೆ ಬಣ್ಣವನ್ನೇ ಒತ್ತಡದಲ್ಲಿ ಚಿಮ್ಮಿಸೋ ಸ್ಪ್ರೇ) ಬಾಡಿಗೆಗೆ ತರಲಾ, ರೋಲರ್ರೇ ಸಾಕಾ?

ಬಾಡಿಗೆ ಗನ್:
ತರಬೇಡಿ. ನಾನು ತಂದಿದ್ದೆ, ನಿಮ್ಮ ಹಾಗೇ ಮೂರು ಕೋಣೆಗೆ. ಶುಕ್ರವಾರ ಸಂಜೆ ತಂದು ಭಾನುವಾರ ರಾತ್ರಿ ವಾಪಸ್ ಅಂತ ಲೆಕ್ಕ. ಕೊಟ್ಟಿದ್ದು ಮಂಗಳವಾರ ಮಧ್ಯಾಹ್ನ. ಹೊತ್ತೆಲ್ಲಾ ಎಲ್ಲಿ ಹೋಯ್ತು ಅಂತ ಬರೆದಿಟ್ಟಿದ್ದ ಚೀಟಿ ಇನ್ನೂ ಇದೆ. ಕಿಟಕಿ, ಬಾಗಿಲು, ಸ್ವಿಚ್ ಬೋರ್ಡು, ನೆಲ ಮುಚ್ಚೋಕೆ 11 ಗಂಟೆ. ಬಣ್ಣ ಹೊಡೆಯೋಕೆ ಒಂದು ಕೋಟ್‌ಗೆ 50 ನಿಮಿಷ. ಹೌದು, 50 ನಿಮಿಷ. ಅದನ್ನ ನೋಡಿಯೇ ನಾನು ಮರುಳಾಗಿದ್ದು. ಟೇಪು 9 ಸುರುಳಿ, ಪ್ಲಾಸ್ಟಿಕ್ ಹಾಳೆ 4 ಕಟ್ಟು.

ಬಣ್ಣದ ಕಥೆ ಕೇಳಿ. ಗೋಡೆ 120 ಚದರ ಮೀಟರ್, ಎರಡು ಕೋಟು, ಲೀಟರಿಗೆ 12 ಚದರ ಮೀಟರ್ ಅಂತ ಹಿಡಿದು 20 ಲೀಟರ್ ತಂದೆ. ಎರಡನೇ ಕೋಟಲ್ಲಿ ಇನ್ನೂ ಎರಡು ಗೋಡೆ ಬಾಕಿ ಇದ್ದಾಗ ಮೆಷಿನ್ನು ಗಾಳಿ ಎಳೀತು. ಒಟ್ಟು 27 ಲೀಟರ್ ಕುಡೀತು. 50 ಅಡಿ ಪೈಪಿನ ಒಳಗೇ ಹತ್ತಿರ ಹತ್ತಿರ ಅರ್ಧ ಲೀಟರ್ ನಿಂತಿರುತ್ತೆ, ಅದು ಲೆಕ್ಕಕ್ಕೇ ಇರಲಿಲ್ಲ. ಆಮೇಲೆ ತಂದ ಡಬ್ಬಿ ಬೇರೆ ಬ್ಯಾಚು. ಹಗಲಲ್ಲಿ ಏನೂ ಕಾಣಲ್ಲ, ಸಂಜೆ ದೀಪ ಹಾಕಿದ್ರೆ ಒಂದು ಗೋಡೆಯ ನಡುವೆ ಗೆರೆ ಎದ್ದು ಕೂರುತ್ತೆ. ಅಲ್ಲಿ ಬೀರು ನಿಲ್ಲಿಸಿದೀನಿ.

ಮೆಷಿನ್ನು ತೊಳೆದಿದ್ದು ರಾತ್ರಿ ಹನ್ನೊಂದಕ್ಕೆ. ಫಿಲ್ಟರು, ಬಣ್ಣ ಚಿಮ್ಮೋ ತುದಿಯ ಟಿಪ್ಪು, ಪೈಪು, ಬಕೆಟ್ ಮೇಲೆ ಬಕೆಟ್ ನೀರು. ಆದ್ರೂ ಬಾಡಿಗೆ ಕೊಟ್ಟವರು "ಒಳಗೆ ಬಣ್ಣ ಒಣಗಿದೆ" ಅಂತ ಮುಂಗಡದಲ್ಲಿ ಕಾಲು ಭಾಗ ಹಿಡ್ಕೊಂಡ್ರು.

ಹಳೇ ರೋಲರ್:
ನಾನು ಮೂರು ಮನೆ ರೋಲರಲ್ಲೇ ಮುಗಿಸಿದೀನಿ, ಈ ಗೋಳು ಯಾವುದೂ ಇಲ್ಲ. 9 ಇಂಚಿನ ರೋಲರು, ಉದ್ದ ಕೋಲು, ಅಂಚಿಗೆ ಎರಡೂವರೆ ಇಂಚಿನ ಓರೆ ಬ್ರಷ್ಷು, ಅಷ್ಟೇ. ಆದ್ರೆ ಮೊದಲನೇ ಮನೇಲಿ ಒಂದು ತಪ್ಪಾಯ್ತು, ಹೇಳಲೇಬೇಕು. ರೋಲರಿಗೆ ಹಾಕೋ ಬಟ್ಟೆಯ ತೋಳು ಅಗ್ಗದ್ದು ತಂದಿದ್ದೆ, ಎಳೆ ಉದುರಿಸೋದು. ಒಂದಿಡೀ ಗೋಡೆಗೆ ಮೀಸೆ ಬಂದಂಗಾಗಿತ್ತು. ಒಣಗಲು ಬಿಟ್ಟು, ಎಮೆರಿ ಪೇಪರಲ್ಲಿ ಉಜ್ಜಿ, ಮತ್ತೆ ಹೊಡೆದೆ, ಎರಡು ದಿನ ಹಾಳು. ಈಗ ಹೊಸ ತೋಳು ತಂದ್ರೆ ಮೊದಲು ಮೈತುಂಬ ಟೇಪು ಸುತ್ತಿ ಕೀಳ್ತೀನಿ, ನೆನೆಸಿ ಹಿಂಡ್ತೀನಿ, ಆಮೇಲೇ ಬಣ್ಣಕ್ಕೆ. ನುಣುಪು ಗೋಡೆಗೆ ತೋಳಿನ ಜುಂಗು (ಎಳೆಯ ಉದ್ದ) 10 ಮಿಲಿಮೀಟರ್ ಸಾಕು, ತರಿ ಇದ್ರೆ 12. ಅಂಚು ಹೊಡೆದು ಊಟಕ್ಕೆ ಹೋಗಬೇಡಿ. ಅಂಚು ಹಸಿ ಇದ್ದಾಗಲೇ ರೋಲರು ಅದರ ಮೇಲೆ ಹಾಯಬೇಕು, ಇಲ್ಲಾಂದ್ರೆ ಗೋಡೆಗೆ ಫೋಟೋ ಫ್ರೇಮು ಹಾಕಿದಂಗೆ ಕಾಣುತ್ತೆ.

ಭುಜದ ಬಗ್ಗೆ ಮಾತ್ರ ಕೇಳಬೇಡಿ. ಸೀಲಿಂಗ್ ಮುಗಿಸಿದ ಮೇಲೆ ಒಂದು ವಾರ ತಲೆ ಬಾಚೋಕೆ ಕೈ ಎತ್ತೋಕಾಗಲಿಲ್ಲ.

ಐದು-ಹದಿನೇಳು:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಾಡಿಗೆ ಗನ್ ಅವರೇ, ಟಿಪ್ ನಂಬರ್ ಎಷ್ಟು ಅಂತ ನೋಡಿದ್ರಾ? ನನ್ನ ಹೆಸರೇ ಟಿಪ್ಪಿನ ನಂಬರು: 517. ಮೊದಲ 5 ದುಪ್ಪಟ್ಟು ಮಾಡಿದ್ರೆ 10, ಅಂದ್ರೆ ಗೋಡೆಯಿಂದ 12 ಇಂಚು ದೂರ ಹಿಡಿದ್ರೆ ಬಣ್ಣದ ಪಟ್ಟಿ 10 ಇಂಚು ಅಗಲ. 17 ಅಂದ್ರೆ ತೂತು ಇಂಚಿನ ಸಾವಿರದಲ್ಲಿ 17 ಭಾಗ. ಸವೆದ ಟಿಪ್ಪಿನ ತೂತು ದೊಡ್ಡದಾಗುತ್ತೆ, ಪಟ್ಟಿ ಕಿರಿದಾಗುತ್ತೆ, ಬಣ್ಣ ಸುರಿಯುತ್ತೆ. ಬಾಡಿಗೆಯವರು ಕೊಡೋ ಟಿಪ್ಪು ಹತ್ತು ಜನ ಉಜ್ಜಿ ಬಿಟ್ಟಿದ್ದು. ನಾನು ಮೊದಲ ಸಲ ರಟ್ಟಿನ ಮೇಲೆ ಹೊಡೆದು ಅಳೆದೆ, 10 ಬರಬೇಕಾದ್ದು 7 ಇಂಚು. ಹೊಸ ಟಿಪ್ಪು ನಾನೇ ಕೊಂಡೆ, ಅವತ್ತಿಂದ ಅದು ನನ್ನದೇ ಡಬ್ಬಿಯಲ್ಲಿದೆ.

ಇನ್ನೊಂದು. ಒತ್ತಡ ಪೂರ್ತಿ ತಿರುಗಿಸಿಟ್ಟಿರ್ತೀರಿ. ಕಡಿಮೆಯಿಂದ ಶುರು ಮಾಡಿ, ಪಟ್ಟಿಯ ಎರಡೂ ತುದಿಯಲ್ಲಿ ದಪ್ಪ ಬಾಲ ಬರೋದು ನಿಲ್ಲೋವರೆಗೆ ಮಾತ್ರ ಏರಿಸಬೇಕು. ಕೈ ಕಮಾನಿನ ಹಾಗೆ ಬೀಸಬಾರದು, ಗೋಡೆಗೆ ಸಮನಾಗಿ ಸರಿಯಬೇಕು. ಕೈ ಚಲಿಸಿದ ಮೇಲೆ ಗನ್ನಿನ ಕುದುರೆ (ಟ್ರಿಗರ್) ಒತ್ತಬೇಕು, ಕೈ ನಿಲ್ಲೋ ಮುಂಚೆ ಬಿಡಬೇಕು. ಪಟ್ಟಿಗಳು ಅರ್ಧಕ್ಕೆ ಅರ್ಧ ಒಂದರ ಮೇಲೊಂದು ಬರಬೇಕು. ಇದು ಬರದಿದ್ರೆ 27 ಏನು, 37 ಲೀಟರೂ ಖರ್ಚಾಗುತ್ತೆ.

ಬಾಡಿಗೆ ಗನ್:
ಸ್ವಾಮೀ, ಬಾಡಿಗೆಗೆ ತರೋನು ಟಿಪ್ಪು ಬೇರೆ ಕೊಳ್ಳಬೇಕು, ರಟ್ಟು ಅಳೀಬೇಕು, ಕೈ ಪಳಗಿಸ್ಕೋಬೇಕು. ಮೂರು ಕೋಣೆಗೆ! ಪಳಗೋ ಹೊತ್ತಿಗೆ ಮನೆ ಮುಗಿದಿರುತ್ತೆ. ನನ್ನದೂ ಅದೇ ಆಯ್ತು, ಕೊನೇ ಗೋಡೆ ಚೆನ್ನಾಗಿ ಬಂದಿದೆ. ಅದು ಉಗ್ರಾಣದ್ದು.

ಪುಟ್ಟಿಧೂಳು:
ಇಬ್ಬರೂ ಬಾಯಿಮಾತಿನಾಗ ಜಗಳಾಡಾಕತ್ತೀರಿ, ಗೋಡಿ ಏನು ಹೇಳತೈತಿ ಕೇಳ್ರಿ. ನಾ ಹೊಸ ಪುಟ್ಟಿ ಮ್ಯಾಲೆ ಪ್ರೈಮರ್ ಸ್ಪ್ರೇ ಮಾಡಿ ಹಂಗ ಬಿಟ್ಟೆ. ನೋಡಾಕ ಬೆಳ್ಳಗ ಹಾಲಿನಂಗ. ಎರಡು ಕೋಟ್ ಬಣ್ಣಾನೂ ಆತು. ಅಂಚಿನ ಟೇಪ್ ಎಳದ್ರ ಅಂಗೈ ಅಗಲದ ಬಣ್ಣ ಪ್ರೈಮರ್ ಸಮೇತ ಎದ್ದು ಬಂತು, ಹಿಂದ ಪುಟ್ಟಿ ಧೂಳು ಅಂಟಿತ್ತು. ಉಜ್ಜಿದ ಧೂಳು ಒರೆಸದ ಅದರ ಮ್ಯಾಲೇ ಮಂಜು ಕೂರಿಸಿದ್ದೆ ನಾನು. ಒಂದು ಕೋಣಿ ಪೂರ್ತಿ ಕೆರೆದು ತಗದೆ, 4 ದಿನ. ಸ್ಪ್ರೇ ಮಾಡಿದ ಬೆನ್ನಿಗೇ ಹಸಿ ಇದ್ದಾಗ ರೋಲರ್ ಎಳೀಬೇಕು, ಬಣ್ಣ ಸಣ್ಣ ರಂಧ್ರದಾಗ ಒತ್ತಿ ಕೂಡತೈತಿ. ಒಬ್ಬ ಹೊಡಿಯಾಂವ, ಒಬ್ಬ ಎಳಿಯಾಂವ. ಒಬ್ಬನ ಕೈಲಿ ಆಗೂ ಕೆಲಸ ಅಲ್ರಿ ಅದು.

ಐದು-ಹದಿನೇಳು:
ಧೂಳು ಒರೆಸದೆ ಹೊಡೆದಿದ್ದು ನೀವು, ಬೈಗುಳ ಮೆಷಿನ್ನಿಗೆ. ರೋಲರಲ್ಲಿ ಹೊಡೆದಿದ್ರೂ ಎದ್ದು ಬರ್ತಿತ್ತು.

ಪುಟ್ಟಿಧೂಳು:
ನಾ ಯಾವಾಗ ಮೆಷಿನ್ನಿಗೆ ಬೈದೆ? ಪೂರ್ತಿ ಓದ್ರಿ ಮೊದಲ. ತಪ್ಪು ನಂದು ಅಂತನ ಬರದೀನಿ. ರೋಲರ್ ಎಳೀರಿ ಅಂದದ್ದಕ್ಕ ನಿಮಗ್ಯಾಕ ಅಷ್ಟು ಉರಿ?

ಹಳೇ ರೋಲರ್:
ಅಂದ್ರೆ ಸ್ಪ್ರೇ ಹೊಡೆದ ಮೇಲೂ ರೋಲರ್ ಬೇಕು! ನಾನು ಇನ್ನೇನೂ ಹೇಳಲ್ಲ.

ಏಣಿ ಮೇಲಿನವಳು:
ಹೇಳಲ್ಲ ಅಂತ ಹೇಳ್ತಾ ಇದ್ದೀರಲ್ಲ ಮಾರಾಯ್ರೆ. ನನ್ನದು ಬೇರೆ ಸಂಕಟ. ಸ್ಪ್ರೇ ಮಾಡಿದ ಗೋಡೆ ಕನ್ನಡಿಯ ಹಾಗೆ ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಪಡಸಾಲೆಯಲ್ಲಿ ಸೈಕಲ್ ಹ್ಯಾಂಡಲ್ ತಾಗಿ ಒಂದು ಗೀರು ಬಿತ್ತು. ಉಳಿಸಿಟ್ಟ ಅದೇ ಡಬ್ಬಿಯ ಬಣ್ಣ ಬ್ರಷ್ಷಿನಲ್ಲಿ ಹಚ್ಚಿದೆ. ಬಣ್ಣ ಅದೇ, ಮೈ ಬೇರೆ. ಸುತ್ತ ನುಣುಪು, ನಡುವೆ ಬ್ರಷ್ಷಿನ ಗೆರೆ, ಬೆಳಕು ಬಿದ್ದರೆ ಮುಖದ ಮೇಲೆ ಮಚ್ಚೆಯ ಹಾಗೆ. ಮಿನಿ ರೋಲರಿನಲ್ಲಿ ಮತ್ತೊಮ್ಮೆ ಹಚ್ಚಿದೆ, ಮಚ್ಚೆ ದೊಡ್ಡದಾಯಿತು. ಕಡೆಗೆ ಮೂಲೆಯಿಂದ ಮೂಲೆಗೆ ಇಡೀ ಗೋಡೆ ರೋಲರಿನಲ್ಲಿ ಹೊಡೆದೆ. ಒಂದು ಗೀರಿಗೆ 14 ಚದರ ಮೀಟರ್. ಮತ್ತೆ ಟೇಪು ಹಸಿ ಇರುವಾಗಲೇ ಕಿತ್ತುಬಿಡಿ, ಒಣಗುವವರೆಗೆ ಇಟ್ಟರೆ ಸಿಪ್ಪೆ ಬರುತ್ತದೆ.

ಹಳೇ ರೋಲರ್:
ಹಸಿ ಇದ್ದಾಗ ಕಿತ್ರೆ ಎರಡನೇ ಕೋಟಿಗೆ ಮತ್ತೆ ಟೇಪು ಅಂಟಿಸಬೇಕಾ ಮೇಡಂ? ಒಣಗಲಿ, ಬ್ಲೇಡಲ್ಲಿ ಅಂಚು ಗೀರಿ ನಿಧಾನಕ್ಕೆ ಎಳೀರಿ.

ಏಣಿ ಮೇಲಿನವಳು:
ಎರಡನೇ ಕೋಟು ಆದ ಮೇಲೆ ಕೀಳುವುದು ಅಂತ ಬಿಡಿಸಿ ಹೇಳಬೇಕಾ? ಬ್ಲೇಡು ಹಾಕಿದರೆ ಬಾಗಿಲ ಚೌಕಟ್ಟಿನ ಮೇಲೂ ಗೀರು. ನಮ್ಮದರಲ್ಲಿ ಉಂಟು, ಅದೂ ಒಬ್ಬ ರೋಲರ್ ಪಂಡಿತರ ಕೃಪೆ.

ಸುಮ್ಮನೆ ಓದುತ್ತಿದ್ದವನು:
ಟೇಪು ಆಮೇಲೆ. ಗನ್ ಹಿಡಿಯೋರು ಒಂದು ಮಾತು ಕೇಳಿ. ನನ್ನ ಜೊತೆ ಕೆಲಸ ಮಾಡ್ತಿದ್ದವನು ಟಿಪ್ಪು ಕಟ್ಟಿಕೊಂಡಿದೆ ಅಂತ ಬೆರಳಲ್ಲಿ ಒರೆಸೋಕೆ ಹೋದ. ಒತ್ತಡ ಇಳಿಸಿರಲಿಲ್ಲ, ಲಾಕೂ ಹಾಕಿರಲಿಲ್ಲ. ತೋರುಬೆರಳಲ್ಲಿ ಸೂಜಿ ಚುಚ್ಚಿದಷ್ಟು ತೂತು, ರಕ್ತವೂ ಇಲ್ಲ. ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದ. ಆ ಮೆಷಿನ್ನಲ್ಲಿ ಒತ್ತಡ 3000 ಪಿಎಸ್‌ಐ (ಚದರ ಇಂಚಿಗೆ 3000 ಪೌಂಡ್) ತನಕ ಹೋಗುತ್ತೆ, ಬಣ್ಣ ಚರ್ಮ ತೂರಿ ಒಳಗೆಲ್ಲಾ ಹರಡುತ್ತೆ. ರಾತ್ರಿ ಬೆರಳು ಊದಿ ಕಪ್ಪಾಯ್ತು, ಎರಡು ಸಲ ಕೊಯ್ದರು, ಕಡೆಗೆ ಅರ್ಧ ಬೆರಳೇ ಉಳೀತು. ಅಂಥದ್ದಾದ್ರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು, "ಒತ್ತಡದಲ್ಲಿ ಬಣ್ಣ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲಾಂದ್ರೆ ಸಣ್ಣ ಗಾಯ ಅಂತ ಪಟ್ಟಿ ಕಟ್ಟಿ ಕಳಿಸ್ತಾರೆ.

ಐದು-ಹದಿನೇಳು:
ಇದು ಸರಿಯಾದ ಮಾತು. ಕಟ್ಟಿಕೊಂಡ್ರೆ ಟಿಪ್ಪು ಹಿಂದುಮುಂದು ತಿರುಗಿಸಿ ರಟ್ಟಿನ ಮೇಲೆ ಒಮ್ಮೆ ಹೊಡೆದ್ರೆ ತಾನೇ ಬಿಡುತ್ತೆ, ಬೆರಳು ಯಾಕೆ ಹತ್ತಿರ ಹೋಗಬೇಕು? ಬಣ್ಣ ಸೋಸಿ ಹಾಕಿದ್ರೆ ಕಟ್ಟೋದೂ ಅಪರೂಪ.

ಬಾಡಿಗೆ ಗನ್:
ಸೋಸೋ ಬಟ್ಟೆ, ಟಿಪ್ಪು, ರಟ್ಟು, ಮೂಗಿಗೆ ಮಾಸ್ಕು, ಜೊತೆಗೊಬ್ಬ ಆಳು. ಚೀಟಿ ಉದ್ದ ಆಗ್ತಾನೇ ಇದೆ.

ಕೇಳಿದವನು:
ಎಲ್ಲರಿಗೂ ನಮಸ್ಕಾರ. ಅಪ್ಪನ ಕೋಣೆ ಬಗ್ಗೆ ಯಾರೂ ಹೇಳಲಿಲ್ಲ. ಅವರನ್ನ ಒಂದೇ ದಿನ ಪಡಸಾಲೆಗೆ ಸಾಗಿಸಬಹುದು, ಅದಕ್ಕಿಂತ ಹೆಚ್ಚು ಆಗಲ್ಲ.

ಪುಟ್ಟಿಧೂಳು:
ಅಪ್ಪಾಜಿ ಕೋಣಿಗೆ ಗನ್ ಒಯ್ಯಬ್ಯಾಡ್ರಿ ತಮ್ಮಾ. ಎಮಲ್ಷನ್ ಮಂಜು ಗಾಳಿಯಾಗ ಒಣಗಿ ಹಿಟ್ಟಿನಂಗ ಉದುರತೈತಿ, ಬೀರು ಸಂದಿಯೊಳಗ ವಾರಗಟ್ಟಲೆ ಸಿಗತೈತಿ. ಅಲ್ಲಿ ರೋಲರ್, ಬೆಳಿಗ್ಗಿ ಒಂದು ಕೋಟ್, ಮಧ್ಯಾಹ್ನ ಒಂದು, ಕಿಟಕಿ ತೆರೆದಿಡ್ರಿ. ವಾಸನಿ ಹೋಗದಿದ್ರ ರಾತ್ರಿನೂ ಪಡಸಾಲ್ಯಾಗ ಮಲಗಲಿ, ಬೆನ್ನು ನೋವಿಗೆ ಒಂದು ದಿಂಬು ಹೆಚ್ಚು ಕೊಡ್ರಿ. ಹಂಗಂದ್ರ ಪಡಸಾಲಿ ಕೊನೀಗೆ ಹೊಡೀರಿ. ಖಾಲಿ ಎರಡು ಕೋಣಿ ನಿಮ್ಮ ಇಷ್ಟ.

ಐದು-ಹದಿನೇಳು:
ಖಾಲಿ ಎರಡಕ್ಕೆ ಸ್ಪ್ರೇನೇ. ನೆಲಕ್ಕೆ ಹಾಳೆ ಹಾಸಿ, ಕಿಟಕಿ-ಬಾಗಿಲು ಮುಚ್ಚಿ, ಸೀಲಿಂಗಿಗೆ ಮೊದಲು ಬಿಳಿ ಹೊಡೀರಿ, ಗೋಡೆ ಮೇಲೆ ಬಿದ್ದ ಬಿಳಿ ಹನಿಯನ್ನ ಆಮೇಲೆ ಬೂದು ನುಂಗುತ್ತೆ. ಬೂದಿಗೆ ಮುಂಚೆ ಸೀಲಿಂಗಿಗೆ ಪೂರ್ತಿ ಹಾಳೆ ಕಟ್ಟಬೇಕು, ಅಷ್ಟೇ.

ಬಾಡಿಗೆ ಗನ್:
"ಅಷ್ಟೇ" ಅಂತೆ! ತಲೆ ಮೇಲೆ ಹಾಳೆ ಕಟ್ಟಿ ನೋಡಿದೀರಾ ಒಬ್ಬರೇ? ಒಂದು ತುದಿ ಅಂಟಿಸೋ ಹೊತ್ತಿಗೆ ಇನ್ನೊಂದು ತುದಿ ಮುಖದ ಮೇಲೆ.

ಹಳೇ ರೋಲರ್:
ಬ್ಲೇಡಿಗೆ ಚೌಕಟ್ಟು ಗೀರು ಬಿತ್ತು ಅಂದ್ರಲ್ಲ ಏಣಿ ಮೇಡಂ, ಬ್ಲೇಡು ಹೊಸದಿತ್ತಾ, ಹಳೇದಾ?