ಮನೆಯಲ್ಲೇ ಮರದ ಆಟಿಕೆ ಮಾಡಿ ಮಾರಬೇಕು ಅಂತಿದ್ದೇನೆ, ಮಾಡಿ ನೋಡಿದವರು ಹೇಳಿ

ಅರಸೀಕೆರೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಅಂತ ಊರಿನ ಬಡಗಿ ಹತ್ತಿರ ಕಡೆಸಿ ಮೂರು ಆಟಿಕೆ ಮಾಡಿದೆ. ಪೇರಿಸುವ ಬಳೆ, ಗಾಲಿ ಆನೆ, ಒಂದು ಗಿಲಕಿ. ನೋಡಿದವರೆಲ್ಲ ನಮಗೂ ಮಾಡಿಕೊಡು ಅನ್ನುತ್ತಿದ್ದಾರೆ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಮರ ತಿರುಗಿಸಿ ಕಡೆಯುವ ಯಂತ್ರ, ಲೇತ್, ಕೊಳ್ಳಲಾ, ಇಲ್ಲ ಚಿತ್ರ ಬರೆದುಕೊಟ್ಟು ಚನ್ನಪಟ್ಟಣದಲ್ಲಿ ಮಾಡಿಸಲಾ? ಚನ್ನಪಟ್ಟಣದ ಆಟಿಕೆಗೆ ಬಳಸುವ ಹಾಲೆ ಮರ ನಮ್ಮ ತೋಟದ ಬೇಲಿಯಲ್ಲಿ ಎರಡು ಇವೆ, ಅವು ಉಪಯೋಗಕ್ಕೆ ಬರುತ್ತವಾ?

ಗಿಲಕಿ ಅಮ್ಮ:
ಗಿಲಕಿ ಅಂದಿರಲ್ಲ, ನನ್ನ ಕಥೆ ಕೇಳಿ. ನಾನು ಚಿತ್ರ ಬರೆದು, ಚನ್ನಪಟ್ಟಣದಲ್ಲಿ ಒಬ್ಬರಿಗೆ 300 ಗಿಲಕಿ ಹೇಳಿದೆ. ಒಂದಕ್ಕೆ 70 ರೂಪಾಯಿ, ಅಂದರೆ 21,000. ಡಬ್ಬಿ 500ಕ್ಕಿಂತ ಕಡಿಮೆ ಪ್ರಿಂಟ್ ಮಾಡಲ್ಲ ಅಂದರು, 22 ರೂಪಾಯಿಯಂತೆ 11,000. ಲ್ಯಾಬ್ ಪರೀಕ್ಷೆಗೆ 14,000. ಒಂದೂ ಮಾರುವ ಮೊದಲೇ 46,000 ಹೋಯಿತು. 118 ಗಿಲಕಿ 260 ರೂಪಾಯಿಯಂತೆ ಹೋದವು. ಖುಷಿಯಲ್ಲಿ ಮನೆಯವರಿಗೆಲ್ಲ ಹೋಳಿಗೆ ಮಾಡಿದೆ. ಮೂರನೇ ತಿಂಗಳು ಒಬ್ಬ ತಾಯಿ ವಿಡಿಯೊ ಕಳಿಸಿದರು. ಗಿಲಕಿಯ ತಳದ ಬಿರಡೆ ಬಿದ್ದು, ಒಳಗಿನ ಮಣಿ ಮಗುವಿನ ಅಂಗೈಯಲ್ಲಿತ್ತು. ಬಾಯಿಗೆ ಹೋಗಿರಲಿಲ್ಲ, ಪುಣ್ಯ. ಅವತ್ತು ರಾತ್ರಿ ನನಗೆ ನಿದ್ದೆ ಇಲ್ಲ. ಕೊಂಡವರಿಗೆಲ್ಲ ನಾನೇ ಫೋನ್ ಮಾಡಿದೆ. 41 ಜನ ವಾಪಸ್ ಕೊಟ್ಟರು, 10,660 ರೂಪಾಯಿ ಹಿಂತಿರುಗಿಸಿದೆ. ಕೊರಿಯರ್ ಬೇರೆ. ಈಗ 223 ಗಿಲಕಿ ಮಂಚದ ಕೆಳಗಿವೆ. ಕಡೆದವರನ್ನು ಕೇಳಿದರೆ "ಮೇಡಂ, ಮರ ಹಸಿ ಇತ್ತೇನೋ" ಅಂದುಬಿಟ್ಟರು. ಏನೋ ಅಂತೆ!

ಉಳಿ ಹಿಡಿದವನ ಮಗ:
ಮೇಡಂ, ಎಷ್ಟು ದಿನದಲ್ಲಿ ಬೇಕು ಅಂದಿದ್ದಿರಿ? ಅದನ್ನು ಬರೆಯಲೇ ಇಲ್ಲ. ಹಾಲೆ ಮರ ನೆರಳಲ್ಲಿ ಎರಡು ಮೂರು ತಿಂಗಳು ಒಣಗಬೇಕು. ಹಸಿ ಮರದಲ್ಲಿ ಹಾಕಿದ ಬಿರಡೆ, ಮರ ಒಣಗಿದ ಮೇಲೆ ಸಡಿಲ ಆಗದೆ ಇನ್ನೇನು? ನಮ್ಮಪ್ಪ 34 ವರ್ಷದಿಂದ ಕಡೆಯುತ್ತಿದ್ದಾರೆ. ಬೆಂಗಳೂರಿಂದ ಕಾರಲ್ಲಿ ಬರುತ್ತಾರೆ, ಮೊಬೈಲಲ್ಲಿ ಯಾವುದೋ ದೇಶದ ಆಟಿಕೆ ತೋರಿಸುತ್ತಾರೆ, 20 ದಿನ ಅನ್ನುತ್ತಾರೆ. ಅರ್ಧ ಮಿಲಿಮೀಟರ್ ವ್ಯತ್ಯಾಸ ಅಂತ ಕಳೆದ ವರ್ಷ ಒಬ್ಬರು 60 ಬುಗುರಿ ಬಿಟ್ಟು ಹೋದರು. ಮರ ನಮ್ಮದು, ಬಣ್ಣಕ್ಕೆ ಹಚ್ಚುವ ಅರಗು ನಮ್ಮದು, ಕರೆಂಟು ನಮ್ಮದು. ನೀವು 260ಕ್ಕೆ ಮಾರಿದಿರಿ, ನಮಗೆ 70. ಆಮೇಲೆ ತಪ್ಪೂ ನಮ್ಮದೇ.

ಗಿಲಕಿ ಅಮ್ಮ:
25 ದಿನ ಕೊಟ್ಟಿದ್ದೆ. ಆಗಲ್ಲ ಅನ್ನಬಹುದಿತ್ತಲ್ಲ? ಅಡ್ವಾನ್ಸ್ ಇಸಿದುಕೊಳ್ಳುವಾಗ ಯಾರೂ ಹಸಿ ಮರದ ಮಾತೆತ್ತಲಿಲ್ಲ. 260ರಲ್ಲಿ ನನಗೆ ಎಷ್ಟು ಉಳಿಯಿತು ಅಂತ ಮೇಲೆ ಲೆಕ್ಕ ಬರೆದಿದ್ದೇನೆ, ಇನ್ನೊಮ್ಮೆ ಓದಿ.

ಲೇತ್ ಕೊಂಡು ಕೆಟ್ಟವನು:
ನಾನು ಯಾರ ಕೈ ಕಾಯುವುದೂ ಬೇಡ ಅಂತ ಲೇತ್ ಕೊಂಡೆ. ತುಮಕೂರಲ್ಲಿ ಮನೆ ಹಿಂದೆ ಶೀಟ್ ಹಾಕಿಸಿದ್ದೆ. ಒಂದು ಎಚ್‌ಪಿ ಮೋಟಾರ್ ಸಮೇತ ಲೇತ್ 68,000, ಮರ ಕಚ್ಚಿ ಹಿಡಿಯುವ ಚಕ್ 9,500, ಉಳಿಗಳು 7,200, ವೈರಿಂಗ್ 11,300. ಒಟ್ಟು 96,000. ಮೊದಲ ನಾಲ್ಕು ತಿಂಗಳು ಒಂದು ಉಂಡೆ ಸರಿಯಾಗಿ ಕಡೆಯಲು ಬರಲಿಲ್ಲ. ಉಳಿ ಕಚ್ಚಿಕೊಂಡರೆ ಮರ ಹಾರಿ ಎದೆಗೇ ಬರುತ್ತದೆ. ಅರಗು ಹಚ್ಚುವುದಂತೂ ನೋಡಲು ಸುಲಭ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಅಂಟುತ್ತದೆ, ಮೇಲೆ ತಾಳೆ ಗರಿ ಹಿಡಿದರೆ ಹೊಳಪು. ನಾನು ಒತ್ತಿದರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಬರೀ ಮರ.

ಕೈ ಕುದುರಿತು ಅನ್ನುವಾಗ ಹುಳ ಬಿತ್ತು. ಒಂದು ಬೆಳಿಗ್ಗೆ ಮರದ ರಾಶಿ ಕೆಳಗೆ ಟಾಲ್ಕಂ ಪೌಡರ್ ಚೆಲ್ಲಿದ ಹಾಗೆ ಬಿಳಿ ಹುಡಿ. ಎತ್ತಿ ನೋಡಿದರೆ ಗುಂಡುಸೂಜಿ ತೂತುಗಳು. ಆರು ತಿಂಗಳ ಮರ ಒಲೆಗೆ ಹೋಯಿತು.

ಆಮೇಲೆ ಕೊರೊನಾ ಕಾಲದಲ್ಲಿ ಒಂದು ಶಿಶುವಿಹಾರದವರು 40 ಸೆಟ್ ಕೇಳಿದರು. ಬದುಕಿದೆ ಅಂದುಕೊಂಡೆ. ಅವರು ದಿನಾ ಸ್ಯಾನಿಟೈಸರ್ ಹಾಕಿ ಒರೆಸಿದ್ದಾರೆ. ಸ್ಯಾನಿಟೈಸರ್ ಒಳಗಿರುವುದು ಸ್ಪಿರಿಟ್, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಪಾಲಿಶ್ ಮಾಡುವವರು ಕರಗಿಸುವುದೇ ಅದರಲ್ಲಿ. ಹತ್ತು ದಿನಕ್ಕೆ ಬಣ್ಣ ಎಲ್ಲ ಅಂಟಂಟು, ಮಕ್ಕಳ ಕೈ ಎಲ್ಲ ಕೆಂಪು. "ವಿಷದ ಬಣ್ಣ ಹಾಕಿದ್ದೀರಿ" ಅಂತ ಬೈದರು. ದುಡ್ಡು ಇವತ್ತಿಗೂ ಬಂದಿಲ್ಲ. ಲೇತ್ ಕೊಳ್ಳಬೇಡಿ ತಾಯಿ. ನನ್ನದು ಟಾರ್ಪಾಲ್ ಹೊದ್ದು ಕೂತಿದೆ.

ಬಟ್ಟೆಗೊಂಬೆ ಧಾರವಾಡ:
ಮರದ ಸಹವಾಸವೇ ಬೇಡ. ನಾನು ಬಟ್ಟೆ ಗೊಂಬೆ ಹೊಲಿಯುತ್ತೇನೆ, ಆರು ವರ್ಷ ಆಯಿತು. ಮೊದಲು ಗುಂಡಿಯ ಕಣ್ಣು ಇಡುತ್ತಿದ್ದೆ. ನನ್ನ ಅಣ್ಣನ ಮಗನೇ ಹಲ್ಲಲ್ಲಿ ಕಚ್ಚಿ ಕಿತ್ತ. ಈಗ ದಾರದಲ್ಲೇ ಕಣ್ಣು ಹೊಲಿಯುತ್ತೇನೆ, ಒಂದು ಜೋಡಿ ಕಣ್ಣಿಗೇ 25 ನಿಮಿಷ. ಲಾಭ ಕೇಳಬೇಡಿ. ಹೋದ ದಸರೆಗೆ ಒಂದು ಮೇಳದಲ್ಲಿ ಎರಡು ದಿನದ ಮಳಿಗೆಗೆ 4,500 ಕೊಟ್ಟೆ. ಬಸ್ಸು, ಊಟ 1,180. 19 ಗೊಂಬೆ 350ರಂತೆ ಹೋದವು, 6,650. ಬಟ್ಟೆ, ಹತ್ತಿ ಒಂದಕ್ಕೆ 85. ಕೂಡಿಸಿ ಕಳೆಯಿರಿ, 645 ರೂಪಾಯಿ ಕೈಯಿಂದ ಹೋಯಿತು, ನನ್ನ ಕೂಲಿ ಸೊನ್ನೆ. ಅದರಲ್ಲೂ ಒಬ್ಬಾಕೆ "ಪ್ಲಾಸ್ಟಿಕ್‌ದು 100ಕ್ಕೆ ಬರುತ್ತೆ" ಅಂದು ಹೋದಳು. ಆದರೂ ಬಿಡಲ್ಲ. ನನ್ನ ಗೊಂಬೆ ಒಗೆದರೂ ಬಣ್ಣ ಬಿಡಲ್ಲ, ಸ್ಯಾನಿಟೈಸರ್‌ಗೂ ಕರಗಲ್ಲ.

ಲೆಕ್ಕದ ಪುಸ್ತಕ:
ಎಲ್ಲರೂ ಮುಖ್ಯ ವಿಷಯ ಬಿಟ್ಟಿರಿ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿ ತಾನೇ ಮಾಡಿ ಮಾರಿದರೆ ವಿನಾಯಿತಿ. ಬಟ್ಟೆಗೊಂಬೆ ಅಕ್ಕ, ನಿಮ್ಮ ಹತ್ತಿರ ಆ ನೋಂದಣಿಯ ಕಾರ್ಡ್ ಇದೆಯಾ? ಗಿಲಕಿ ಮೇಡಂ, ನೀವು ಬೇರೆಯವರಿಂದ ಮಾಡಿಸಿ ನಿಮ್ಮ ಹೆಸರಲ್ಲಿ ಮಾರಿದ್ದೀರಿ, ಲ್ಯಾಬ್ ಚೀಟಿ ಒಂದಿದ್ದರೆ ಮುಗಿಯಲ್ಲ. ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಯ ಬಿಡಿ ಭಾಗ 31.7 ಮಿಲಿಮೀಟರ್ ಅಗಲದ ಅಳತೆ ಕೊಳವೆಯೊಳಗೆ ಪೂರ್ತಿ ಕೂರಬಾರದು. ಮಣಿ ಕೂರುತ್ತೆ.

ಬಟ್ಟೆಗೊಂಬೆ ಧಾರವಾಡ:
ನೀವು ಒಂದಾದರೂ ಆಟಿಕೆ ಮಾಡಿದ್ದೀರಾ ಸರ್? ಕಾರ್ಡ್ ಇದೆ, 2022ರಿಂದ ಇದೆ. ತೋರಿಸು ಅನ್ನಲು ನೀವು ಯಾರು?

ಲೆಕ್ಕದ ಪುಸ್ತಕ:
ಮಾಡಿಲ್ಲ, ಮಾಡುವವರ ಲೆಕ್ಕ ಬರೆಯುತ್ತೇನೆ. ಆಮೇಲೆ ಅಳುವವರು ನನ್ನ ಟೇಬಲ್ ಮುಂದೆಯೇ ಅಳುವುದು.

ಉಳಿ ಹಿಡಿದವನ ಮಗ:
ಕಾರ್ಡ್ ಅಂದರೆ ನೆನಪಾಯಿತು. ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಗೊಂಬೆ, ಆಟಿಕೆ ಮಾಡುವವರೂ ಇದ್ದಾರೆ. ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000. ಅಪ್ಪನಿಗೆ ಉಳಿ ಹಿಡಿಯುವುದು ಹೇಗೆ ಅಂತ ಹೇಳಿಕೊಡಲು ಬಂದ ಹುಡುಗನಿಗೆ 24 ವರ್ಷ. ಅಪ್ಪ ಐದು ದಿನ ಸುಮ್ನೆ ಕೂತು ಬಂದರು.

ಗಿಲಕಿ ಅಮ್ಮ:
ಇನ್ನೊಂದು ಹೇಳಲು ಮರೆತೆ. ಅರಿಶಿನದ ಬಣ್ಣ ಹಾಕಿಸಿ, ಅದು ನಿಜವಾಗಿಯೂ ಚೆನ್ನಾಗಿರುತ್ತದೆ. ನನ್ನವು ಎರಡು ವರ್ಷ ಆದರೂ ಒಂಚೂರೂ ಮಾಸಿಲ್ಲ.

ಲೇತ್ ಕೊಂಡು ಕೆಟ್ಟವನು:
ಮಂಚದ ಕೆಳಗೆ ಇದ್ದರೆ ಹೇಗೆ ಮಾಸುತ್ತದೆ ಮೇಡಂ? ಬಿಸಿಲಿಗೆ ಇಡಿ. ನನ್ನ ಹಳದಿ ಬಾತುಕೋಳಿ ಅಂಗಡಿ ಗಾಜಿನ ಹಿಂದೆ ಒಂದು ಬೇಸಿಗೆ ಕೂತು ಅರ್ಧ ಬಾತು, ಅರ್ಧ ಕೊಕ್ಕರೆ ಆಗಿತ್ತು.

ಗಿಲಕಿ ಅಮ್ಮ:
ಅರಗು ಗಂಟು ಗಂಟಾಗಿ ಹಚ್ಚಿದವರ ಹತ್ತಿರ ನಾನು ಬಣ್ಣ ಕಲಿಯಬೇಕಾಗಿಲ್ಲ.

ಉಳಿ ಹಿಡಿದವನ ಮಗ:
ಇದರಲ್ಲಿ ಅವರು ಹೇಳಿದ್ದು ಸರಿ. ಅರಿಶಿನ ಬಿಸಿಲಿಗೆ ನಿಲ್ಲಲ್ಲ. ಅಪ್ಪ ಹಳದಿ ಆಟಿಕೆಯನ್ನು ಬಾಗಿಲ ಹತ್ತಿರ ಇಡುವುದೇ ಇಲ್ಲ.

ಅರಸೀಕೆರೆ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮ, ಅಣ್ಣ, ಜಗಳ ಆಡಬೇಡಿ. ನನ್ನ ಎರಡು ಹಾಲೆ ಮರದ ಬಗ್ಗೆ ಯಾರೂ ಹೇಳಲಿಲ್ಲ...

ಲೆಕ್ಕದ ಪುಸ್ತಕ:
2025ರ ಸೆಪ್ಟೆಂಬರ್ 22ರಿಂದ ಮರದ ಆಟಿಕೆಗೆ ಜಿಎಸ್‌ಟಿ ಶೇಕಡಾ 12 ಇದ್ದದ್ದು 5 ಆಗಿದೆ. ಅದನ್ನಾದರೂ ಬರೆದುಕೊಳ್ಳಿ.

ಉಳಿ ಹಿಡಿದವನ ಮಗ:
ತಂಗಿ, ಮರ ಎಷ್ಟು ದಪ್ಪ ಇದೆ? ಎಲೆ ಕಿತ್ತರೆ ಹಾಲು ಬರುತ್ತದಾ ನೋಡು. ಕೆಲವರು ಯಾವುದೋ ಮರಕ್ಕೆ ಹಾಲೆ ಅಂದುಬಿಡುತ್ತಾರೆ. ತೊಡೆ ಗಾತ್ರ ಇದ್ದರೆ ಫೋಟೊ ಹಾಕು, ಅಪ್ಪನಿಗೆ ತೋರಿಸುತ್ತೇನೆ. ಮಳೆಗಾಲದಲ್ಲಿ ಮಾತ್ರ ಕಡಿಸಬೇಡ, ಬೂಷ್ಟು ಬಂದು ಮರ ಕಪ್ಪಾಗುತ್ತದೆ.

ತುಮಕೂರಿನ ಸರ್, ಆ ಲೇತ್ ಇನ್ನೂ ಇದೆಯಾ? ಮೋಟಾರ್ ಸುಟ್ಟಿಲ್ಲ ತಾನೇ?

ಲೇತ್ ಕೊಂಡು ಕೆಟ್ಟವನು:
ಸುಟ್ಟಿಲ್ಲ. ಚಕ್ ಸೇರಿ 40,000.

ಉಳಿ ಹಿಡಿದವನ ಮಗ:
ನಾಲ್ಕು ವರ್ಷ ಟಾರ್ಪಾಲ್ ಕೆಳಗೆ ಇದ್ದದ್ದಕ್ಕೆ 40 ಜಾಸ್ತಿ ಆಯಿತು ಸರ್. ಭಾನುವಾರ ಬಂದು ತಿರುಗಿಸಿ ನೋಡುತ್ತೇವೆ. ಅಪ್ಪನೂ ಬರುತ್ತಾರೆ.