ವಾಡೆ ಅನ್ನಬೇಕೋ, ಮಾಳಗಿ ಮನಿ ಅನ್ನಬೇಕೋ?

ಆಳಂದ ಕಡಿಯವ:
ನಮ್ಮ ತಾಲೂಕಿನ ಹಳೇ ಮನಿಗಳ ಪಟ್ಟಿ ಮಾಡ್ಲಾಕತ್ತೀವಿ. ಒಂದೇ ಕಟ್ಟಡಕ್ಕ ಕೆಲವರು ವಾಡೆ ಅಂತಾರ, ಕೆಲವರು ಮಾಳಗಿ ಮನಿ ಅಂತಾರ. ಹೆಬ್ಬಾಗಿಲು ಅದ, ಒಳಗ ಅಂಗಳ ಅದ, ಮ್ಯಾಲೆ ಮಣ್ಣಿನ ಮಾಳಗಿ. ಯಾವುದು ಬರೀಬೇಕ್ರಿ? ಬೆಂಗಳೂರು ಕಡಿಯವರು ಓದಿದ್ರೂ ತಿಳೀಬೇಕು.

ಜಂತಿ_ತೊಲಿ:
ಎರಡೂ ಬರೀರಿ, ಆದ್ರ ಬೇರೆ ಬೇರೆ ಕಾಲಂನಾಗ. ಮಾಳಗಿ ಅನ್ನೋದು ಚಾವಣಿ ನೋಡಿ, ವಾಡೆ ಅನ್ನೋದು ಆವರಣ ನೋಡಿ. ಕಂಬದ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಅಡ್ಡ ಜಂತಿ, ಅದರ ಮ್ಯಾಲೆ ಹಲಗಿ ಇಲ್ಲಾ ಶಹಾಬಾದ ಪರಸಿ (ಹಾಸುಗಲ್ಲು), ಮ್ಯಾಲೆ ಮಣ್ಣು: ಇಷ್ಟಿದ್ರ ಎರಡೇ ಅಂಕಣದ ಸಣ್ಣ ಮನಿನೂ ಮಾಳಗಿ ಮನಿನೇ. ವಾಡೆಗೆ ಎತ್ತರದ ಸುತ್ತುಗ್ವಾಡಿ ಬೇಕು, ಹೆಬ್ಬಾಗಿಲು ಬೇಕು, ಅದರೊಳಗ ಬಗ್ಗಿ ದಾಟೋ ದಿಡ್ಡಿ ಬಾಗಿಲು, ನಡುವ ಅಂಗಳ, ಸುತ್ತ ಪಡಸಾಲಿ. ಚಾವಣಿ ಬಿದ್ದು ಗ್ವಾಡಿ ಉಳಿದ್ರೂ ಜನ ಗೌಡರ ವಾಡೆ ಅಂತಲೇ ಅಂತಾರ. ಚಾವಣಿ ತೆಗೆದು ಆರ್‌ಸಿಸಿ ಹಾಕಿದ್ರ ಮಾಳಗಿ ಮನಿ ಹೋಯ್ತು, ವಾಡೆ ಹೋಗಲ್ಲ.

ಮಾಳಗಿ ಮ್ಯಾಲಿನ ಮಣ್ಣು ಯಾವುದು, ಎಷ್ಟು ದಪ್ಪ ಅಂತಲೂ ಬರಕೊಳ್ರಿ, ಇದನ್ನ ಬಿಡಬ್ಯಾಡ್ರಿ. ಎರಿಮಣ್ಣು (ಕಪ್ಪು ಮಣ್ಣು) ಇದ್ರ ಬ್ಯಾಸಿಗ್ಯಾಗ ಬಿರಿದು ಮೊದಲ ಮಳಿಗೇ ಸೋರ್ತದ. ಅದಕ್ಕೇ ಹಾಂಗ ಬಿರಿಯದ ಹಾಳುಮಣ್ಣು ಹಾಕೋದು. ಹಳೇದು ಕೆರೆದು ತೆಗೀದೆ ವರ್ಷಾ ವರ್ಷಾ ಹೊಸ ಮಣ್ಣು ಹೇರಿದ್ರ ಭಾರಕ್ಕ ಜಂತಿ ನಡುವ ಬಾಗ್ತಾವ, ನೀರು ಅಲ್ಲೇ ನಿಲ್ತದ. ಗ್ವಾಡಿಯೊಳಗ ಕುಂತಿರೋ ಜಂತಿ ತುದಿ ಮೊದಲು ಕೊಳೀತಾವ, ಅವನ್ನ ಚುಚ್ಚಿ ನೋಡ್ರಿ.

ಪದಕೋಶ ಪ್ರಿಯ:
ಮೇಲಿನ ಉತ್ತರ ಸರಿ. ವಾಡೆ ಬಂದದ್ದು ಮರಾಠಿಯ ವಾಡಾದಿಂದ, ಅದರ ಹಿಂದಿರುವುದು ಸಂಸ್ಕೃತದ ವಾಟ, ಅಂದರೆ ಆವರಣ. ಗೌಡ, ದೇಸಾಯಿ, ದೇಶಮುಖರ ಹೆಸರಿನ ಜೊತೆಗೇ ಈ ಪದ ಹೆಚ್ಚು ಕೇಳುತ್ತದೆ. ವಾಡಿ ಬೇರೆ, ಅದು ಸಣ್ಣ ಊರು; ಚಿತ್ತಾಪುರ ತಾಲೂಕಿನ ವಾಡಿ ಜಂಕ್ಷನ್ ಎಲ್ಲರಿಗೂ ಗೊತ್ತು. ಹಗೇವಿನ (ನೆಲದೊಳಗಿನ ಕಾಳಿನ ಗುಂಡಿ) ಜೊತೆ ಬರುವ ವಾಡೇವು ಕಾಳು ತುಂಬುವ ಮಣ್ಣಿನ ದೊಡ್ಡ ಪಾತ್ರೆ, ಅದನ್ನೂ ಬೆರೆಸಬೇಡಿ.

ದಕ್ಷಿಣದ ಓದುಗರು ಮಾಳಿಗೆ ಎಂದರೆ ಮಹಡಿ ಎಂದುಕೊಳ್ಳಬಹುದು. ‘ಮಣ್ಣಿನ ಚಪ್ಪಟೆ ಮಾಳಿಗೆ, ಒಂದೇ ಅಂತಸ್ತು’ ಎಂದು ಬಿಡಿಸಿ ಬರೆಯಿರಿ. ಅಚ್ಚಿನಲ್ಲಿ ಮಳಿಗೆ ಎಂದಾದರೆ ಅಂಗಡಿಯಾಗಿಬಿಡುತ್ತದೆ, ಕರಡು ತಿದ್ದುವಾಗ ಈ ದೀರ್ಘದ ಮೇಲೆ ಕಣ್ಣಿರಲಿ.

ಬೀದರ ಓಣಿ:
ಹಳೇ ಉರ್ದು ಕಾಗದ ನೋಡ್ತಿದ್ರ ಒಂದು ಮಾತು. ನಮ್ಮ ಭಾಗ ಆಗ ಇದ್ದ ಹೈದರಾಬಾದ್ ಸಂಸ್ಥಾನದಾಗ 1884ರಿಂದ ಆಡಳಿತ ಉರ್ದುದಾಗ ನಡೀತು. ಅಲ್ಲಿ ಮಕಾನ್ ಅಂತ ಇದ್ರ ವಾಡೆ ಅಂತ ಅನುವಾದ ಮಾಡಬ್ಯಾಡ್ರಿ, ಅದು ಎಂಥ ಮನಿಗೂ ಸಲ್ತದ. ಸ್ವಂತ ಹೆಸರು ಇದ್ದದ್ದನ್ನೂ ಮುಟ್ಟಬ್ಯಾಡ್ರಿ: ಬೀದರ ಕೋಟಿಯ ರಂಗೀನ್ ಮಹಲ್ ಮಹಲೇ, ಸುರಪುರದ ಟೇಲರ್ ಮಂಜಿಲ್ ಮಂಜಿಲೇ.

ಆಳಂದ ಕಡಿಯವ:
ಅಂಗಳ ಅದ, ಹೆಬ್ಬಾಗಿಲು ಕಿತ್ತು ಮಾರ್ಯಾರ ಅಂದ್ರ?

ಜಂತಿ_ತೊಲಿ:
ಬಾಗಿಲು ತಿರುಗೋ ಕಲ್ಲಿನ ಕುಳಿ, ಅಗಳಿ ಸರಿಸೋ ಉದ್ದನ ತೂತು ಗ್ವಾಡಿಯೊಳಗ ಉಳಿದಿರ್ತಾವ. ಅವು ಸಿಕ್ರ ವಾಡೆ ಅಂತ ಬರೀರಿ. ಸಿಗದಿದ್ರ ‘ಅಂಗಳದ ಮನಿ’ ಸಾಕು. ತೊಟ್ಟಿ ಮನಿ ಅಂತ ಮಾತ್ರ ಬರೀಬ್ಯಾಡ್ರಿ, ಅದು ಹಳೇ ಮೈಸೂರು ಕಡಿ ಮಾತು, ಕಟ್ಟೋ ರೀತಿನೂ ಬ್ಯಾರೆ.