ಮದರಂಗಿ ಹಚ್ಚಿದ ಕಪ್ಪು ಕೂದಲನ್ನು ಮನೆಯಲ್ಲೇ ಬ್ಲೀಚ್ ಮಾಡಬಹುದೇ?

ಪೆರ್ಲದ ಹುಡುಗಿ:

ನಮಸ್ಕಾರ. ನನ್ನದು ಸೊಂಟದವರೆಗಿನ ಕಪ್ಪು ಕೂದಲು. ಮುಂದಿನ ತಿಂಗಳು ಅಕ್ಕನ ಮದುವೆ ಉಂಟು. ಅದರೊಳಗೆ ಮುಖದ ಎರಡೂ ಬದಿಯ ಕೆಲವು ಎಳೆಗಳಿಗೆ ಜೇನಿನ ಬಣ್ಣ ಬರಿಸಬೇಕೆಂದು ತುಂಬಾ ಆಸೆ. ಮಂಗಳೂರಿನಲ್ಲಿ ವಿಚಾರಿಸಿದೆ, ಅವರು ಹೇಳಿದ ರೇಟು ನನ್ನಿಂದ ಆಗುವಂಥದ್ದಲ್ಲ. ಹಾಗಾಗಿ ಬ್ಲೀಚ್ ಪೌಡರ್, ಅದಕ್ಕೆ ಕಲಸುವ 40 ವಾಲ್ಯೂಮ್ ಡೆವಲಪರ್, ಬ್ಲೀಚ್ ಆದ ಮೇಲೆ ಛಾಯೆ ಸರಿಪಡಿಸುವ ಟೋನರ್ ಎಲ್ಲ ಆನ್‌ಲೈನಿನಲ್ಲಿ ತರಿಸಿದ್ದೇನೆ.

ಮನೆಯ ಗಿಡದ ಮದರಂಗಿ ಅರೆದು ತಲೆಗೆ ಹಚ್ಚುವ ಅಭ್ಯಾಸ ಚಿಕ್ಕಂದಿನಿಂದಲೂ ಉಂಟು. ಕಳೆದ ವರ್ಷ ಮಾತ್ರ ಪೇಟೆಯಿಂದ ತಂದ ‘ಕಪ್ಪು ಮೆಹಂದಿ’ ಪ್ಯಾಕೆಟ್ ಹಚ್ಚಿದ್ದೆ. ನಮ್ಮದು ಗುಡ್ಡ ಕೊರೆದು ತೆಗೆದ ಸುರಂಗದ ನೀರು, ಬಕೆಟಿನಲ್ಲಿ ಕೆಂಪು ಕಲೆ ಕೂರ್ತದೆ. ಸ್ನಾನಕ್ಕೆ ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರು. ಇದೆಲ್ಲ ಲೆಕ್ಕಕ್ಕೆ ಬರ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸಂಗಡಿ:

ಕಪ್ಪು ಕೂದಲಿಗೆ 40 ಇಲ್ಲದೆ ಬಣ್ಣ ಬಿಡುವುದಿಲ್ಲ. ನನ್ನ ತಂಗಿ ಅದನ್ನೇ ಹಚ್ಚಿದ್ದಳು, ಏನೂ ಆಗಲಿಲ್ಲ. ಬೇಗ ಮುಗೀತದೆ.

ಕುಂಬಳೆಯ ಬ್ಯೂಟಿಷಿಯನ್:

ಪೆರ್ಲದವರೇ, ನೀವು ಕೊನೆಗೆ ಬರೆದ ಆ ನಾಲ್ಕು ಮಾತೇ ಎಲ್ಲಕ್ಕಿಂತ ಮುಖ್ಯ. ಪಾರ್ಲರಿಗೆ ಬರುವ ಹೆಣ್ಣುಮಕ್ಕಳು ಬೇಕಾದ ಬಣ್ಣದ ಫೋಟೋ ತೋರಿಸ್ತಾರೆ, ಕೂದಲಿಗೆ ಈವರೆಗೆ ಏನೇನು ಹಚ್ಚಿದ್ದಾರೆಂದು ಹೇಳುವುದಿಲ್ಲ. ಬ್ಲೀಚಿನ ಫಲ ನಿಂತಿರುವುದು ಅದರ ಮೇಲೆಯೇ.

ಮೊದಲು 40ರ ಬಾಟ್ಲಿ ಬದಿಗಿಡಿ. ಅದರಲ್ಲಿರುವುದು 12% ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಅಂದರೆ 6%, ಮನೆಯಲ್ಲಿ ಅದಕ್ಕಿಂತ ಮೇಲೆ ಹೋಗಲೇಬೇಡಿ. ಹೊಸಂಗಡಿಯವರ ತಂಗಿಗೆ ಏನೂ ಆಗದಿದ್ದದ್ದು ಸಂತೋಷ. ಆದರೆ ಅವರ ಕೂದಲಲ್ಲಿ ಮೆಹಂದಿ ಇತ್ತೋ ಇಲ್ಲವೋ ನಮಗೆ ಗೊತ್ತಿಲ್ಲ. 20 ಕೂಡ ಕಪ್ಪನ್ನು ಎತ್ತುತ್ತದೆ, ನಿಧಾನ ಅಷ್ಟೆ. ಆ ನಿಧಾನದಲ್ಲೇ ನಿಮಗೆ ನೋಡಿ ನಿಲ್ಲಿಸುವ ಅವಕಾಶ ಸಿಗುವುದು.

ಇನ್ನು ಮೆಹಂದಿ. ನೀವೇ ಅರೆದ ಸೊಪ್ಪಿನಲ್ಲಿ ಬಣ್ಣ ಕೊಡುವುದು ಲಾಸೋನ್. ಅದು ಕೂದಲಿನ ಪ್ರೋಟೀನಿಗೆ ಕಚ್ಚಿ ಕೂತುಬಿಡ್ತದೆ, ಬ್ಲೀಚ್ ಮಾಡಿದರೂ ಕಿತ್ತಳೆ ಬಣ್ಣ ಸುಲಭಕ್ಕೆ ಬಿಡದು. ನನ್ನ ಭಯ ಅದರದ್ದಲ್ಲ, ಪ್ಯಾಕೆಟಿನದ್ದು. ಬರೀ ಮದರಂಗಿ ಯಾರ ಕೂದಲನ್ನೂ ಕಪ್ಪು ಮಾಡುವುದಿಲ್ಲ. ಕಪ್ಪಾಗಿದೆ ಅಂದರೆ ಅದರಲ್ಲಿ ನೀಲಿ ಸೊಪ್ಪಿನ (ಇಂಡಿಗೋ) ಪುಡಿ ಇರಬೇಕು, ಇಲ್ಲವೇ ಡೈಗಳಿಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ, ಇಲ್ಲವೇ ಲೋಹದ ಲವಣ. ನೀಲಿ ಇದ್ದರೆ ಬ್ಲೀಚ್ ಆದ ಮೇಲೆ ಕೂದಲು ಹಸಿರು ಛಾಯೆಗೆ ತಿರುಗಬಹುದು. ಲೋಹದ ಲವಣ ಇದ್ದರೆ ಪೆರಾಕ್ಸೈಡ್ ತಾಗಿದ ಕೂಡಲೇ ಬಿಸಿಯೇರಿ ಕೂದಲು ತುಂಡಾಗಬಹುದು.

ನೀರೂ ಲೆಕ್ಕಕ್ಕೆ ಬರ್ತದೆ. ನಮ್ಮ ಮುರಕಲ್ಲಿನ ಗುಡ್ಡದ ನೀರಿನಲ್ಲಿ ಕಬ್ಬಿಣ, ಹಂಡೆಯಿಂದ ತಾಮ್ರ. ಎರಡೂ ಕೂದಲಿನಲ್ಲಿ ಕೂತು ಪೆರಾಕ್ಸೈಡಿನ ಕೆಲಸವನ್ನು ಅಂಕೆಯಿಲ್ಲದ ಹಾಗೆ ಮಾಡ್ತವೆ. ಕೂದಲಿನಲ್ಲಿ ಕೂತ ಲೋಹವನ್ನು ಹಿಡಿದು ತೆಗೆಯುವ, ಇಡಿಟಿಎ ಇರುವ ಕಿಲೇಟಿಂಗ್ ಶಾಂಪೂ ಅಂತ ಸಿಗ್ತದೆ. ಬ್ಲೀಚಿಗೆ ಕೆಲವು ದಿನ ಮೊದಲು ಅದರಲ್ಲಿ ತೊಳೆಯಿರಿ.

ಈಗ ಮಾಡಬೇಕಾದ್ದು ಒಂದೇ. ಬಾಚಣಿಗೆಯಲ್ಲಿ ಉದುರಿದ ಉದ್ದ ಕೂದಲುಗಳನ್ನು ಬುಡ ಒಂದೇ ಕಡೆ ಬರುವಂತೆ ಜೋಡಿಸಿ ದಾರದಲ್ಲಿ ಕಟ್ಟಿ. ಪ್ಲಾಸ್ಟಿಕ್ ಲೋಟದಲ್ಲಿ ಸ್ವಲ್ಪ ಪೌಡರ್ ಮತ್ತು 20 ವಾಲ್ಯೂಮ್ ಡೆವಲಪರ್ ಪ್ಯಾಕೆಟಿನ ಅಳತೆಯಂತೆ ಕಲಸಿ ಅದರಲ್ಲಿ ಅದ್ದಿಡಿ. ಲೋಟ ಬಿಸಿಯಾದರೆ, ಹೊಗೆ ಬಂದರೆ, ಕೂದಲು ಅಂಟಂಟಾಗಿ ಎಳೆದರೆ ರಬ್ಬರಿನಂತೆ ಹಿಗ್ಗಿದರೆ ಅಲ್ಲಿಗೇ ಬಿಟ್ಟುಬಿಡಿ. ಏನೂ ಆಗದಿದ್ದರೆ ಐದೈದು ನಿಮಿಷಕ್ಕೊಮ್ಮೆ ಒರೆಸಿ ಬಣ್ಣ ನೋಡಿ. ಕಪ್ಪು ಕೂದಲು ಮೊದಲು ಕೆಂಪು, ಮತ್ತೆ ಕಿತ್ತಳೆ, ಆಮೇಲೆ ಹಳದಿಗೆ ಬರುವುದು. ಟೋನರಿನಲ್ಲಿ ನೀಲಿ ಛಾಯೆಯದ್ದು ಕಿತ್ತಳೆಯನ್ನು ತಗ್ಗಿಸ್ತದೆ, ನೇರಳೆಯದ್ದು ಹಳದಿಯನ್ನು. ಯಾವ ಹಂತದಲ್ಲಿ ನಿಂತಿತೆಂದು ನೋಡದೆ ಟೋನರ್ ಆರಿಸಿ ಪ್ರಯೋಜನ ಇಲ್ಲ.

ತಲೆಗೆ ಹಚ್ಚುವುದು ಈ ಪರೀಕ್ಷೆ ಸರಿ ಬಂದರೆ ಮಾತ್ರ. ಹಿಂದಿನ ರಾತ್ರಿ ಎಳೆಗಳಿಗೆ ತೆಂಗಿನೆಣ್ಣೆ ಹಾಕಿ ಮಲಗಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಬ್ಲೀಚ್ ಮಾಡಿದ ಕೂದಲಲ್ಲೂ ಹಾಗೆಯೇ ಕಂಡಿತ್ತು. ಬೆಳಿಗ್ಗೆ ತಲೆ ತೊಳೆಯಬೇಡಿ, ಉಗುರಿನಿಂದ ಕೆರೆಯಲೂ ಬೇಡಿ. ತಲೆಯಲ್ಲಿ ಗಾಯ, ಕಜ್ಜಿ ಇದ್ದರೆ ಆ ದಿನ ಬೇಡ.

ಮಾಡುವುದು ಜಗಲಿಯಲ್ಲಿ, ಗಾಳಿಯಾಡುವಲ್ಲಿ. ಹಂಡೆಗೆ ಬೆಂಕಿ ಹಾಕಿದ ಬಚ್ಚಲಿನಲ್ಲಿ ಖಂಡಿತ ಬೇಡ, ಬೆಂಕಿಯ ಹತ್ತಿರ ಇಡುವ ವಸ್ತು ಇದಲ್ಲ. ಗ್ಲೌಸ್ ಹಾಕಿ. ಸ್ಟೀಲ್ ಪಾತ್ರೆ ಬಳಸಬೇಡಿ. ನೆತ್ತಿಯಿಂದ ಎರಡು ಬೆರಳು ಬಿಟ್ಟು ಹಚ್ಚಿ. ತಲೆಯ ಶಾಖಕ್ಕೆ ಬುಡದಲ್ಲಿ ಬ್ಲೀಚ್ ಬೇಗ ಏರ್ತದೆ, ಚರ್ಮವೂ ಸುಡ್ತದೆ. ಬಿಸಿಲಿಗೆ ಕೂರುವುದು, ಡ್ರೈಯರ್ ಹಿಡಿಯುವುದು ಎರಡೂ ಬೇಡ. ಪ್ಯಾಕೆಟಿನಲ್ಲಿ ಬರೆದ ಸಮಯ ಮೀರಬೇಡಿ, ಉರಿ ಶುರುವಾದರೆ ಆ ಸಮಯಕ್ಕೂ ಕಾಯಬೇಡಿ. ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಇಡಬಾರದು, ಆಮ್ಲಜನಕ ತುಂಬಿ ಡಬ್ಬಿ ಸಿಡಿಯಬಹುದು. ಹಾಗೆಯೇ ತುಂಬಾ ನೀರು ಬಿಟ್ಟು ಚೆಲ್ಲಿಬಿಡಿ.

ಚರ್ಮ ವಿಭಾಗದ ನರ್ಸ್, ಬದಿಯಡ್ಕ:

ಕುಂಬಳೆಯವರ ಮಾತಿಗೆ ಸ್ವಲ್ಪ ಸೇರಿಸ್ತೇನೆ. ಪಿಪಿಡಿ ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಪ್ರತಿ ಸಲವೂ ಒಗ್ಗುವುದಿಲ್ಲ, ಮೊದಲಿಗಿಂತ ಜೋರಾಗಿಯೂ ಬರಬಹುದು. ಮದುವೆಮನೆಗಳಲ್ಲಿ ಕೈಗೆ ಬಿಡಿಸುವ ಕಡುಕಪ್ಪು ಮೆಹಂದಿಯಲ್ಲೂ ಹೆಚ್ಚಾಗಿ ಇದೇ ಇರ್ತದೆ. ಅದನ್ನು ಹಾಕಿದಾಗ ಎಂದಾದರೂ ಬೊಬ್ಬೆ ಎದ್ದಿದ್ದರೆ ಡೈ ಮುಟ್ಟಲೇಬೇಡಿ. ‘ಅಮೋನಿಯ ಇಲ್ಲ’ ಎಂದು ಬರೆದ ಡಬ್ಬಿಯಲ್ಲೂ ಪಿಪಿಡಿ ಇರಬಹುದು. ಟೋನರನ್ನೂ ಪ್ಯಾಕೆಟಿನಲ್ಲಿ ಹೇಳಿದ ಹಾಗೆ ಸ್ವಲ್ಪವೇ ಕಿವಿಯ ಹಿಂದೆ ಹಚ್ಚಿ 48 ಗಂಟೆ ನೋಡಿ. ಒಂದು ಗಂಟೆ ನೋಡಿದ್ದು ಪರೀಕ್ಷೆಯಲ್ಲ, ಈ ಅಲರ್ಜಿ ನಿಧಾನವಾಗಿ ಏಳುವಂಥದ್ದು.

ಬ್ಲೀಚ್ ಪೌಡರಿನಲ್ಲಿ ಪರ್‌ಸಲ್ಫೇಟ್ ಇರ್ತದೆ, ಉಬ್ಬಸ ಇರುವವರಿಗೆ ಆ ಧೂಳು ಒಳ್ಳೆಯದಲ್ಲ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಹುಬ್ಬಿಗೆ, ರೆಪ್ಪೆಗೆ ಇವು ಯಾವುದೂ ಬೇಡ. ಡೈ ಪುಡಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಊದ್ತದೆ, ಮೂತ್ರಪಿಂಡವೂ ಕೆಡ್ತದೆ.

ಪೆರ್ಲದ ಹುಡುಗಿ:

ಇಬ್ಬರಿಗೂ ತುಂಬಾ ಧನ್ಯವಾದ. 20 ವಾಲ್ಯೂಮ್ ತರಿಸಿ ಉದುರಿದ ಕೂದಲಲ್ಲಿ ನೋಡಿದೆ. ಲೋಟ ಬಿಸಿಯಾಗಲಿಲ್ಲ, ಕೂದಲೂ ತುಂಡಾಗಲಿಲ್ಲ. ಆದರೆ ಬುಡದ ಕಡೆ ಒಂದು ಗೇಣಿಗೂ ಕಡಿಮೆ ಭಾಗ ಕಿತ್ತಳೆಯಾಯಿತು, ಅದರಿಂದ ಕೆಳಗೆ ಪೂರ್ತಿ ಹಾಗೆಯೇ ಕಪ್ಪು, ಬೆಳಕಿಗೆ ಹಿಡಿದರೆ ಪಾಚಿಯ ಬಣ್ಣ. ಇನ್ನೊಮ್ಮೆ ಹಚ್ಚಿದರೆ ಬಿಡಬಹುದಾ?

ಕುಂಬಳೆಯ ಬ್ಯೂಟಿಷಿಯನ್:

ಬೇಡಮ್ಮ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದು. ಆ ಪ್ಯಾಕೆಟ್ ಹಚ್ಚಿ ವರ್ಷ ಆಯಿತಲ್ಲ, ಕಿತ್ತಳೆಯಾದದ್ದು ಅದರ ನಂತರ ಬಂದ ಕೂದಲು. ಕೆಳಗಿನದ್ದರಲ್ಲಿ ನೀಲಿ ಸೊಪ್ಪಿನ ಬಣ್ಣ ಉಂಟೆಂದು ತೋರ್ತದೆ, ಅದರ ಮೇಲೆ ಮತ್ತೆ ಮತ್ತೆ ಬ್ಲೀಚ್ ಹಚ್ಚಿದರೆ ಹಸಿರು ಹೋಗುವ ಮೊದಲು ಕೂದಲೇ ಹೋದೀತು. ಸೊಂಟದವರೆಗೆ ಬೆಳೆಸಿದ ಕೂದಲನ್ನು ಒಂದು ಮದುವೆಗಾಗಿ ಕಳೆದುಕೊಳ್ಳುವುದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಮುಂದಿನ ಎಳೆಗಳನ್ನು ಗಲ್ಲದವರೆಗೆ ಕತ್ತರಿಸಲು ಮನಸ್ಸಿದ್ದರೆ ಇನ್ನೊಂದು ವರ್ಷ ಬೆಳೆಯಲು ಬಿಡಿ, ಕಪ್ಪು ಮೆಹಂದಿ ಮಾತ್ರ ಮುಟ್ಟಬೇಡಿ. ಆಗ ಆ ಎಳೆಗಳಲ್ಲಿ ಪೂರ್ತಿ ಹೊಸ ಕೂದಲೇ ಇರ್ತದೆ.

ಈ ಮದುವೆಗೆ ಜೇನಿನ ಬಣ್ಣದ ಕ್ಲಿಪ್ ಎಳೆಗಳು ಸಿಗ್ತವೆ, ಅದನ್ನೇ ತನ್ನಿ. ಮಾನವ ಕೂದಲಿನದ್ದೇ ನೋಡಿ ತೆಗೆದುಕೊಳ್ಳಿ, ಸಿಂಥೆಟಿಕ್‌ಗೆ ಕೂದಲು ನೇರ ಮಾಡುವ ಬಿಸಿ ಐರನ್ ತಾಗಿದರೆ ಕರಗ್ತದೆ. ಕಿವಿಯ ಮೇಲಿನ ಒಂದು ಪದರ ಎತ್ತಿ ಅದರಡಿಗೆ ಕ್ಲಿಪ್ ಹಾಕಿ, ಮೇಲಿನ ಕೂದಲು ಬಿಟ್ಟರೆ ಜೋಡಿಸಿದ್ದು ಕಾಣುವುದಿಲ್ಲ. ಜಡೆ ಹೆಣೆದು ಮಲ್ಲಿಗೆ ಮುಡಿಯುವುದಾದರೆ ಎಳೆಯನ್ನು ಹೆಣೆಯುವ ಮೊದಲೇ ಸೇರಿಸಬೇಕು.